ಆರ್ಗಾನ್ ತೊಟ್ಟಿಯ ಕಾವಲುಗಾರ

ಬೆಟ್ಟದಡಿಯ ಸುರಂಗದಲ್ಲಿ, ಯಾರೂ ಕಾಣದ ಕಪ್ಪು ದ್ರವ್ಯದ ಒಂದೇ ಒಂದು ಮಿನುಗಿಗಾಗಿ ವಿಜ್ಞಾನಿಗಳು ದ್ರವ ಆರ್ಗಾನಿನ ತೊಟ್ಟಿ ಕಟ್ಟುತ್ತಿದ್ದಾರೆ. ಬೇರೆ ವಿಕಿರಣದ ಸೋಂಕು ಅದಕ್ಕೆ ತಗಲದಂತೆ ಹದಿನೆಂಟು ವರ್ಷದಿಂದ ಕಾಯುತ್ತಿರುವವನು ಸೆತ್ತಿಮಿಯೊ. ಒಂದೊಂದು ತಿರುಪಿನ ವಿಕಿರಣವನ್ನೂ ವಾರಗಟ್ಟಲೆ ಅಳೆದೇ ಒಳಗೆ ಬಿಡುತ್ತಾನೆ. ಬಾಳೆಹಣ್ಣು ತಂದವರನ್ನು "ಅದರಲ್ಲೂ ವಿಕಿರಣ ಇದೆ, ಹೊರಗೇ ತಿಂದು ಬನ್ನಿ" ಎಂದು ತಡೆಯುತ್ತಾನೆ. "ಲೊರೇತಾಳನ್ನೂ ಅಳೆದೇ ಮದುವೆ ಆದ್ಯೇನೋ?" ಎಂದು ಜೊತೆ ಕೆಲಸದ ಪಾಲ್ಮೀರಾ ಕೆಣಕಿದರೆ, "ಅಳೆದಿದ್ದು ಅವಳು ಕಣೇ" ಎನ್ನುತ್ತಾನೆ. ಮೊನ್ನೆ ಲೊರೇತಾಳ ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟ ವೈದ್ಯರು, ಅವಳ ಬೆವರಲ್ಲೂ ಅದು ಇರುತ್ತದೆ, ವಾರದವರೆಗೆ ಯಾರೂ ಹತ್ತಿರ ಹೋಗಬಾರದೆಂದರು. ತೊಟ್ಟಿಗೆ ಆರ್ಗಾನ್ ತುಂಬುವ ದಿನದ ಹಿಂದಿನ ಸಂಜೆ ಮುಚ್ಚಿದ ಬಾಗಿಲಾಚೆಯಿಂದ ಅವಳು, "ಸೆತ್ತಿಮಿಯೊ, ಭಯ ಆಗ್ತಿದೆ" ಎಂದಳು. ಅವನು ಒಳಗೆ ಹೋಗಿ ಅವಳ ಬೆವೆತ ಕೈ ಹಿಡಿದು ಕುಳಿತ. ಆಮೇಲೆ ಪಾಲ್ಮೀರಾಗೆ ಫೋನ್ ಮಾಡಿ, "ನಾಳೆ ನಾನು ಬಂದ್ರೂ ಒಳಗೆ ಬಿಡಬೇಡ" ಎಂದ.