ಕಾಂಡಿ ಪದ್ಮವ್ವನ ಹೆಸರಿನ ಹಾಡು

ಬೆಳಗಿನ ಆರೂಕಾಲು. ಬೋರಗಾಂವದ ಕೆಳಗಿನ ಓಣಿಯ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಮಗ್ಗಗಳು ಒಂದಾದ ಮೇಲೊಂದು ಶುರುವಾಗುತ್ತವೆ. ಮೊದಲ ಮಗ್ಗ ಲಟಪಟ ಎಂದಾಗ ಪಕ್ಕದವರ ಮಾತು ಕೇಳುತ್ತದೆ. ನಾಲ್ಕನೆಯದು ಶುರುವಾದರೆ ಕೂಗಬೇಕು. ಹನ್ನೆರಡೂ ಓಡತೊಡಗಿದ ಮೇಲೆ ಕೂಗಿಯೂ ಪ್ರಯೋಜನವಿಲ್ಲ. ಮೂಲೆಯಲ್ಲಿ ಕಾಂಡಿ ಯಂತ್ರದ ಮುಂದೆ ನಿಂತ ಪದ್ಮವ್ವನಿಗೆ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಅವಳ ಎರಡೂ ಕಿವಿ ಕೇಳುವುದು ನಿಂತು ಹತ್ತು ವರ್ಷವಾಗಿದೆ.

ಲಾಳಿಯ ಹೊಟ್ಟೆಯೊಳಗೆ ಕೂರುವ, ಅಡ್ಡನೂಲು ಸುತ್ತಿದ ಗೇಣುದ್ದದ ಕೋಲಿಗೆ ಇಲ್ಲಿ ಕಾಂಡಿ ಎನ್ನುತ್ತಾರೆ. ಅದನ್ನು ಸುತ್ತಿಕೊಡುವುದು ಪದ್ಮವ್ವನ ಕೆಲಸ. ಅವಳ ಯಂತ್ರಕ್ಕೆ ಎಂಟು ಕದಿರು. ತುಂಬಿದ್ದನ್ನು ತೆಗೆಯಬೇಕು, ಖಾಲಿಯದನ್ನು ಸಿಕ್ಕಿಸಬೇಕು, ಹರಿದ ಎಳೆಯನ್ನು ಹೆಬ್ಬೆರಳಿನಿಂದ ಹೊಸೆದು ಕೂಡಿಸಬೇಕು. ದಿನಕ್ಕೆ ಸಾವಿರದ ಇನ್ನೂರು ಕಾಂಡಿ. ಐವತ್ತೇಳರ ವಯಸ್ಸಿನಲ್ಲೂ ಅವಳು ಮಧ್ಯಾಹ್ನದ ರೊಟ್ಟಿಯ ಹೊತ್ತಿನವರೆಗೆ ಕೂರುವುದಿಲ್ಲ. ಅವಳನ್ನೇ ನೋಡುತ್ತ ನಿಂತರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೈ ಓಡುತ್ತಿರುವಷ್ಟು ಹೊತ್ತೂ ಅವಳ ತುಟಿಗಳು ಅಲುಗುತ್ತಿರುತ್ತವೆ.

‘ಆರಾಧನಿ ರೀ,’ ಎನ್ನುತ್ತಾಳೆ ಪದ್ಮವ್ವ. ‘ಐತವಾರ ದೇವರ ಗುಡಿಗಿ ಹೋಗಾಕ ಆಗ್ತಿದ್ದಿಲ್ಲ. ಶೆಡ್ಡಿನ ಸೂಟಿ ಸಂತಿ ದಿವಸ. ಅದಕ್ಕ ಇಲ್ಲೇ ಮಾಡಾಕ ಹತ್ತಿದೆ.’

ಪದ್ಮವ್ವನ ಮಾವನ ಅಪ್ಪನ ಕಾಲದಿಂದಲೂ ಆ ಮನೆ ಕ್ರೈಸ್ತರದು. ಹೆಸರು, ಸೀರೆ, ಬಳೆ, ಊಟ ಯಾವುದೂ ಬದಲಾಗಿಲ್ಲ. ಊರಲ್ಲಿ ಅವರದು ಒಂಬತ್ತು ಕುಟುಂಬಗಳ ಸಣ್ಣ ಸಭೆ. ನಿಪ್ಪಾಣಿಯಿಂದ ಸಭಾಪಾಲಕರು ವಾರಕ್ಕೊಮ್ಮೆ ಮೋಟರ್ ಸೈಕಲ್ಲಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಾರೆ. ಗಂಡ ಮಾಯಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡುತ್ತಿದ್ದ. 2001ರ ಬೇಸಿಗೆಯಲ್ಲಿ ಕಾಮಾಲೆಯಾಗಿ ಹದಿನೆಂಟೇ ದಿನಕ್ಕೆ ತೀರಿಕೊಂಡ. ಆಗ ಮಗಳು ಶುಭಾಂಗಿ ಏಳನೆಯ ಇಯತ್ತೆಯಲ್ಲಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಪದ್ಮವ್ವ ಅಳಲಿಲ್ಲ, ಉಣ್ಣಲಿಲ್ಲ, ಗೋಡೆಗೆ ಒರಗಿ ಕುಳಿತೇ ಇದ್ದಳು. ಸಭೆಯವರು ಏಳು ದಿನ ಸಂಜೆ ತಪ್ಪದೆ ಅವಳ ಮನೆಗೆ ಬಂದರು. ‘ಯಾರೂ ನನಗ ಶಾಣ್ಯಾತನ ಹೇಳಲಿಲ್ರಿ. ಬಂದ್ರು, ಕುಂತ್ರು, ಹಾಡಿದ್ರು, ಚಾ ಕುಡದು ಹ್ವಾದ್ರು. ಐದನೇ ದಿವಸ ನನ್ನ ಬಾಯಿ ತಾನ ತೆರೀತು. ಹಾಡು ಬಂದ ಮ್ಯಾಲ ಅಳು ಬಂತು. ಅಳು ಬಂದ ಮ್ಯಾಲ ಹಸಿವಾತು.’

ಮರುವರ್ಷ ಲಗಮಣ್ಣನವರ ಮಗ್ಗದ ಶೆಡ್ಡಿಗೆ ಸೇರಿದಳು. ಆಗ ಅಲ್ಲಿ ಇಪ್ಪತ್ನಾಲ್ಕು ಮಗ್ಗಗಳಿದ್ದವು. ಐದಾರು ವರ್ಷಗಳಲ್ಲಿ ಕಿವಿ ಮಂದವಾಗುತ್ತ ಬಂತು. ‘ಮೊದಲ ಗುಬ್ಬಿ ದನಿ ಹ್ವಾತು. ಆಮ್ಯಾಲ ಕುಕ್ಕರ ಸೀಟಿ. ಕಡೀಕ ಮಗಳ ದನಿ,’ ಎಂದು ಕಾಯಿಪಲ್ಲೆಯ ಯಾದಿ ಒಪ್ಪಿಸುವಂತೆ ಹೇಳುತ್ತಾಳೆ. ಚಿಕ್ಕೋಡಿಯ ತಪಾಸಣಾ ಶಿಬಿರದಲ್ಲಿ ಡಾಕ್ಟರರು ಕಿವಿಯ ನರ ಸೋತಿದೆ, ಯಂತ್ರ ಹಾಕಿದರೂ ಅಷ್ಟಕ್ಕಷ್ಟೇ ಎಂದರು. ಕಿವಿ ಹೋದ ಜಾಗಕ್ಕೆ ಕಣ್ಣು ಬಂತು. ಮಗ್ಗದವರೆಲ್ಲ ಒಬ್ಬರ ತುಟಿ ಇನ್ನೊಬ್ಬರು ಅಷ್ಟಿಷ್ಟು ಓದುವವರೇ. ಆದರೆ ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯ ಮಾತನ್ನು ಓದುವವಳು ಪದ್ಮವ್ವ ಒಬ್ಬಳೇ. ಸದ್ದಿನೊಳಗೆ ತಮ್ಮ ಗುಟ್ಟು ಯಾರಿಗೂ ಕೇಳದು ಎಂದುಕೊಂಡು ಆಡಿದ ಕೆಲಸಗಾರರ, ಅಲ್ಲಿಗೆ ಬಂದುಹೋಗುವ ಮಾಲೀಕರ ಮನೆಯವರ ಕಷ್ಟಗಳೆಲ್ಲ ಹೀಗೆ ಅವಳಿಗೆ ಗೊತ್ತಾಗತೊಡಗಿದವು.

ಅವಳ ಆರಾಧನೆಗೆ ಒಂದು ಕ್ರಮವಿತ್ತು. ಮೊದಲು ಸ್ತೋತ್ರ, ನಂತರ ಬಾಯಿಪಾಠವಿದ್ದ ಒಂದು ಹಾಡು, ಕೊನೆಗೆ ಕಷ್ಟದಲ್ಲಿರುವವರ ಹೆಸರು. ಸಭೆಯಲ್ಲಿ ಈ ಹೆಸರುಗಳನ್ನು ಮಾತಿನಲ್ಲಿ ಹೇಳುತ್ತಾರೆ. ಪದ್ಮವ್ವ ತಾನೇ ಒಂದು ಧಾಟಿ ಕಟ್ಟಿಕೊಂಡು ಅವನ್ನೂ ಹಾಡಿದಳು. ಗಂಟಲು ಬಿಟ್ಟು ಹಾಡಿದಳು. ಇಪ್ಪತ್ನಾಲ್ಕು ಮಗ್ಗಗಳ ನಡುವೆ ಯಾರಿಗೆ ಕೇಳಬೇಕು?

2011ರ ಶ್ರಾವಣ. ಪಂಚಮಿ ಮುಗಿದ ವಾರ, ಬೆಳಗಿನ ಹತ್ತೂವರೆಯ ಸುಮಾರಿಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಪದ್ಮವ್ವ ಆಗ ಗೋಡೆಯ ಕಡೆ ಮುಖ ಮಾಡಿ, ನೂಲಿನ ಮೂಟೆಯ ಮೇಲೆ ಕುಳಿತು ಸಿಕ್ಕು ಬಿಡಿಸುತ್ತಿದ್ದಳು. ನೆಲದ ನಡುಕ ನಿಂತದ್ದು ಅವಳಿಗೆ ತಿಳಿಯಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಶೆಡ್ಡಿನಲ್ಲಿ ಅವಳ ದನಿಯೊಂದೇ ಇತ್ತು.

‘ಗಿರಿಜಾನ ಮಗಳು ಸ್ನೇಹಲ ಗಂಡನ ಮನಿ ಬಿಟ್ಟು ಬಂದಾಳ, ಬೆನ್ನ ಮ್ಯಾಲ ಬಾಸುಂಡಿ ಅದಾವ, ಕರ್ತನೇ ಆಕಿನ್ನ ನೆನಸು. ಲಗಮಣ್ಣನ ಮನಿಯಾಕಿ ಗೌರಾಬಾಯಿ ಎದಿಯಾಗ ಗಂಟ ಐತಿ, ಗಂಡಗೂ ಹೇಳಿಲ್ಲ, ಕರ್ತನೇ ಆಕಿನ್ನ ನೆನಸು. ಧೂಳಪ್ಪ ಮತ್ತ ಕುಡಿಯಾಕ ಹತ್ಯಾನ, ಕರ್ತನೇ ಅವನ್ನ ನೆನಸು...’

ಮಗ್ಗ ರಿಪೇರಿಯ ಧೂಳಪ್ಪ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ಅಲ್ಲೇ ನಿಂತಿದ್ದ. ‘ನನ್ನ ಹೆಸರ ಬಂದಾಗ ನಾ ನಗಾಕ ಹ್ವಾದೆ, ನಗು ಬರಲಿಲ್ಲ. ಬಾಗಲದಾಗ ಮಾಲಕರು ನಿಂತಿದ್ರು,’ ಎಂದು ಆತ ಈಗ ನೆನೆಯುತ್ತಾನೆ.

ಪದ್ಮವ್ವ ತಿರುಗಿ ನೋಡಿದಳು. ಹದಿನಾರು ಮುಖಗಳೂ ಅವಳ ಕಡೆಗಿದ್ದವು. ಪಕ್ಕದ ಕಾಂಡಿ ಯಂತ್ರದ ಗಿರಿಜವ್ವ, ಮಗಳು ಪಂಚಮಿಗೆ ತವರಿಗೆ ಬಂದಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಲಗಮಣ್ಣ ಹತ್ತಿರ ಬಂದು, ಅವಳಿಗೆ ತಿಳಿಯುವಂತೆ ನಿಧಾನವಾಗಿ ತುಟಿ ಆಡಿಸಿದರು: ‘ನಾಳಿಂದ ಬಾಯಿ ಮುಚ್ಚಿ ಕೆಲಸ ಮಾಡು.’

ಅವಳು ಮಾಟ ಮಾಡುತ್ತಾಳೆ ಎಂದು ಯಾರೋ ಹೇಳಿದರು. ಮತಕ್ಕೆ ಎಳೆಯುವ ಹುನ್ನಾರ ಎಂದು ಇನ್ಯಾರೋ ಹೇಳಿದರು. ಕೆಲಸದಿಂದ ತೆಗೆಯಿರಿ ಎಂದು ಮಾಲೀಕರ ಮನೆಗೂ ಮೂರು ಜನ ಹೋಗಿ ಬಂದರು. ಲಗಮಣ್ಣ ತೆಗೆಯಲಿಲ್ಲ. ಅವಳಂತೆ ಸಿಕ್ಕಿಲ್ಲದೆ ಕಾಂಡಿ ಸುತ್ತುವವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ.

ಆ ದಿನದ ಬಗ್ಗೆ ಪದ್ಮವ್ವ ತನ್ನ ಪರವಾಗಿ ಏನೂ ಹೇಳಿಕೊಳ್ಳುವುದಿಲ್ಲ. ‘ತಪ್ಪ ನಂದ ರೀ. ದೇವರಿಗಿ ಹೇಳೂ ಮಾತು ಜನರಿಗಿ ಕೇಳಿಸ್ತು. ಗಿರಿಜಾನ ಮನಿಗಿ ಹೋಗಿದ್ದೆ, ಆಕಿ ಬಾಗಲಾ ತಗೀಲಿಲ್ಲ. ಹೊಚ್ಚಲದಾಗ ನಿಂತು ಬಂದೆ.’

ಮರುದಿನದಿಂದ ಅವಳ ತುಟಿ ಅಲುಗಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಕೈಗೂ ಏನೋ ಆಯಿತು. ಎಳೆ ಹರಿಯುವುದು ಹೆಚ್ಚಿತು, ದಿನದ ಲೆಕ್ಕ ಎಂಟುನೂರಕ್ಕೆ ಇಳಿಯಿತು. ‘ಕಿವಿ ಕೇಳೂದಿಲ್ಲ ಖರೆ, ಆದ್ರ ತಲಿಯಾಗ ಮಗ್ಗ ಓಡಾಕ ಹತ್ತಿದ್ವು. ಹಾಡೂ ಮುಂದ ಅವು ಸುಮ್ಮನಿರ್ತಿದ್ವು,’ ಎನ್ನುತ್ತಾಳೆ. ಕೆಲಸ ಬಿಟ್ಟು ಮಗಳ ಊರಿಗೆ ಹೋಗುವ ಯೋಚನೆಯೂ ಬಂದಿತ್ತು. ಶುಭಾಂಗಿ ಆಗ ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಿದ್ದಳು.

ಇದನ್ನೆಲ್ಲ ದಿನವೂ ಪಕ್ಕದಲ್ಲೇ ನಿಂತು ನೋಡುತ್ತಿದ್ದವಳು ಗಿರಿಜವ್ವ. ದೀಪಾವಳಿ ಮುಗಿದು ಶೆಡ್ಡು ತೆರೆದ ಮೊದಲ ದಿನ ಅವಳು ತನ್ನ ಯಂತ್ರ ನಿಲ್ಲಿಸಿ, ಪದ್ಮವ್ವನ ಭುಜ ತಟ್ಟಿದಳು. ಮೂರು ತಿಂಗಳಲ್ಲಿ ಅದೇ ಮೊದಲ ಮಾತು.

‘ಸ್ನೇಹಲನ ಹೆಸರ ಬಿಟ್ಟೀ ಏನ ಬೇ?’

ಪದ್ಮವ್ವ ಹೌದೆಂದು ತಲೆಯಾಡಿಸಿದಳು.

‘ಬಿಡಬ್ಯಾಡ. ಆವತ್ತ ಭಾಳ ಸಿಟ್ಟ ಬಂದಿತ್ತ ನನಗ. ಆದ್ರ ನಮ್ಮ ಮನ್ಯಾಗ ಯಾರೂ ಆಕಿ ಹೆಸರ ತಗೀವಲ್ಲರು. ಆಕಿ ಅಪ್ಪ ತಾಟ ತಳ್ಳಿ ಎದ್ದು ಹೊಕ್ಕಾನ. ಹೆಸರ ಹಿಡದು ಕರಿಯಾಕಿ ನೀ ಒಬ್ಬಾಕಿ ಇದ್ದಿ. ನೀನೂ ಬಿಟ್ರ ಹೆಂಗ?’

ಅಂದಿನಿಂದ ಪದ್ಮವ್ವ ಮತ್ತೆ ಶುರುಮಾಡಿದಳು. ಎರಡು ಬದಲಾವಣೆ ಮಾಡಿಕೊಂಡಳು. ದನಿ ತೆಗೆಯುವುದಿಲ್ಲ, ಬರೀ ತುಟಿ. ಇನ್ನೊಂದು, ಯಾರ ಹೆಸರನ್ನೂ ಅವರನ್ನು ಕೇಳದೆ ಸೇರಿಸುವುದಿಲ್ಲ. ‘ನಿನ್ನ ಹೆಸರ ಹೇಳ್ಲ್ಯಾ?’ ಎಂದು ಕೇಳುತ್ತಾಳೆ. ಬೇಡ ಎಂದವರೂ ಇದ್ದಾರೆ. ಬೇಡ ಎಂದು ಎರಡು ದಿನ ಬಿಟ್ಟು ಬಂದು, ಹೇಳು ಎಂದವರೂ ಇದ್ದಾರೆ.

ಗೌರಾಬಾಯಿ ದೊಡ್ಡ ಊರಿನ ಆಸ್ಪತ್ರೆಗಳನ್ನೆಲ್ಲ ಸುತ್ತಿ 2013ರ ಚಳಿಗಾಲದಲ್ಲಿ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಲಗಮಣ್ಣ ಶೆಡ್ಡಿಗೆ ಬಂದು ಕಾಂಡಿ ಯಂತ್ರದ ಪಕ್ಕ ಪದ್ಮವ್ವನಿಗೆ ಮುಖ ಕಾಣುವಂತೆ ನಿಂತರು. ಹೇಳಿದರು: ‘ಶೆಡ್ಡಿನ್ಯಾಗ ಒಬ್ಬಾಕಿ ನನ್ನ ಹೆಸರ ಹೇಳ್ತಾಳ ಅಂತ ನಮ್ಮಾಕಿ ಬಂದವರ ಮುಂದ ಹೇಳಾಕಿ. ನಾ ನಿನಗ ಬಾಯಿ ಮುಚ್ಚಂದಿದ್ದು ಆಕಿಗಿ ಗೊತ್ತಿದ್ದಿಲ್ಲ. ಇನ್ನ ಮ್ಯಾಲ ಐತವಾರ ಒಂಬತ್ತರಿಂದ ಹನ್ನೊಂದರತನಕ ನಿಮ್ಮ ಗುಡಿಗಿ ಹೋಗಿ ಬಾ.’

ಯಾರ ಧರ್ಮವೂ ಬದಲಾಗಿಲ್ಲ. ಲಗಮಣ್ಣ ಸೋಮವಾರ ಬಿಡದೆ ಮಲ್ಲಯ್ಯನ ಗುಡಿಗೆ ಹೋಗುತ್ತಾರೆ. ಗಿರಿಜವ್ವನ ಮಂಗಳವಾರದ ಒಪ್ಪೊತ್ತು ನಡೆದೇ ಇದೆ. ಅವಳ ಮಗಳು ಸ್ನೇಹಲ ಗಂಡನ ಮನೆಗೆ ತಿರುಗಿ ಹೋಗಲಿಲ್ಲ. ಹೊಲಿಗೆ ಕಲಿತು ನಿಪ್ಪಾಣಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾಳೆ. ಧೂಳಪ್ಪ ಎರಡು ಸಲ ಕುಡಿತ ಬಿಟ್ಟು ಎರಡು ಸಲ ಹಿಡಿದ. ಸದ್ಯ ಬಿಟ್ಟಿದ್ದಾನೆ. ಹಾಗಾದರೆ ಪ್ರಾರ್ಥನೆಯಿಂದ ಏನಾಯಿತು ಎಂದು ಕೇಳಿದರೆ ಪದ್ಮವ್ವ ಹೇಳುವುದು ಇಷ್ಟು. ‘ಎಲ್ಲಾ ಆಗಂಗಿಲ್ರಿ. ಗೌರಾಬಾಯಿ ಉಳೀಲಿಲ್ಲ. ನನ್ನ ಕಿವಿ ಬರಲಿಲ್ಲ. ನಾ ನೆನಸು ಅಂತ ದೇವರಿಗಿ ಕೇಳತೇನ್ರಿ, ಅಷ್ಟ. ಕಷ್ಟದಾಗ ಮನಶ್ಯಾಗ ಮೊದಲ ಅನಸೂದು ಏನು? ನನ್ನ ಎಲ್ಲಾರೂ ಮರತ್ರು ಅಂತ.’

ಭಾನುವಾರ ಒಂಬತ್ತಕ್ಕೆ ಅವಳು ಶೆಡ್ಡಿನಿಂದ ಹೊರಡುತ್ತಾಳೆ. ತಲೆಗೂದಲಿಗೆ ಅಂಟಿದ ಹತ್ತಿಯ ಧೂಳನ್ನು ದಾರಿಯಲ್ಲೇ ಕೊಡವಿಕೊಳ್ಳುತ್ತಾಳೆ. ಸಭೆಯ ಕೋಣೆಯಲ್ಲಿ ಢೋಲಕ ಬಾರಿಸುವ ಅಕ್ಕುತಾಯಿಯ ಪಕ್ಕ ಅವಳ ಜಾಗ. ಎಡಗೈಯನ್ನು ಢೋಲಕದ ಮರಕ್ಕೆ ಒತ್ತಿ ಹಿಡಿದು, ಅದರ ನಡುಕದಲ್ಲಿ ತಾಳ ಹಿಡಿಯುತ್ತಾಳೆ. ಆದರೂ ಒಂದೊಂದು ಸಾಲು ಹಿಂದೆ ಬೀಳುತ್ತಾಳೆ, ಶ್ರುತಿಯೂ ನಿಲ್ಲುವುದಿಲ್ಲ. ‘ಆಕಿ ಮುಗಿಸೂತನಕ ನಾವೂ ಮುಗಸಂಗಿಲ್ಲ,’ ಎನ್ನುತ್ತಾಳೆ ಅಕ್ಕುತಾಯಿ. ‘ಕಡೀ ಸಾಲು ಎರಡ ಸಲ ಹಾಡತೇವಿ. ಇದು ಆಕಿಗಿ ಗೊತ್ತಿಲ್ಲ, ನೀವೂ ಹೇಳಬ್ಯಾಡ್ರಿ.’

ಕಳೆದ ವರ್ಷ, 2017ರಲ್ಲಿ, ಲಗಮಣ್ಣ ಅರ್ಧ ಮಗ್ಗಗಳನ್ನು ಗುಜರಿಗೆ ಹಾಕಿದರು. ನೂಲು ತುಟ್ಟಿಯಾಗಿ, ಬಟ್ಟೆ ಕೇಳುವವರಿಲ್ಲದಾಗಿತ್ತು. ಹದಿನಾರು ಜನರಲ್ಲಿ ಏಳು ಮಂದಿ ಕೆಲಸ ಬಿಟ್ಟು ಹೋದರು. ಕೆಲವರು ಇಚಲಕರಂಜಿಗೆ, ಒಬ್ಬ ಕಾಗವಾಡದ ಕಡೆಯ ಸಕ್ಕರೆ ಕಾರ್ಖಾನೆಗೆ, ಇಬ್ಬರು ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಅವರ ಹೆಸರುಗಳು ಪದ್ಮವ್ವನ ತುಟಿಯ ಮೇಲೆ ಹಾಗೆಯೇ ಉಳಿದಿವೆ. ಸಭೆಯವರು, ಓಣಿಯವರು, ಹೋದವರು, ಇರುವವರು ಎಲ್ಲ ಸೇರಿ ಈಗ ನಲವತ್ತೊಂದು ಹೆಸರು. ಅಕ್ಷರ ಬಾರದ ಅವಳಿಗೆ ಅದು ಕ್ರಮವಾಗಿ ಬಾಯಿಪಾಠ. ಒಂದು ಸುತ್ತು ಮುಗಿಯಲು ಹದಿನೇಳು ಕಾಂಡಿ ಸುತ್ತುವಷ್ಟು ಹೊತ್ತು ಬೇಕು.

ಅವಳಿಗೆ ಏನಾದರೂ ಬೇಕೇ ಎಂದು ಕೇಳಿದಾಗ ಕಿವಿಯ ಯಂತ್ರದ ಮಾತಾಗಲಿ, ಕೂರುವ ಕೆಲಸದ ಮಾತಾಗಲಿ ಬರುವುದಿಲ್ಲ. ಹರಿದ ಎಳೆಯೊಂದನ್ನು ಹೊಸೆದು ಕೂಡಿಸಿ, ಯಂತ್ರ ಚಾಲೂ ಮಾಡಿ, ನಂತರ ಹೇಳುತ್ತಾಳೆ:

‘ಹ್ವಾದವರು ಸುಖ ಇದ್ರ ಒಮ್ಮಿ ಬಂದು ಹೇಳಬೇಕ್ರಿ. ಪದ್ಮಕ್ಕಾ, ನನ್ನ ಹೆಸರ ಸಾಕು, ತಗಿ ಅಂತ. ಭಾಳ ಮಂದಿ ಹೊರಗ ನಿಂತಾರ, ಜಾಗಾ ಮಾಡಬೇಕು.’