ಚೀನಾದ ಪುಸ್ತಕವೂ ನಮ್ಮ ಕೆಂಪಮ್ಮನೂ

ಕಳೆದ ಸೋಮವಾರ ಒಲೆಯ ಮೇಲೆ ಹಾಲಿಟ್ಟಿದ್ದೆ. ಪಕ್ಕದ ಓಣಿಯ ಕೆಂಪಮ್ಮ ಹಿತ್ತಲ ಬಾಗಿಲಲ್ಲಿ ನಿಂತು, "ಅಮ್ಮಾರೇ, ಮೇಷ್ಟ್ರ ಆ ಚೀನಾ ಪುಸ್ತಕ ಎಲ್ಲೈತೆ?" ಅಂದಳು.

ಹಾಲು ಉಕ್ಕಿತು. (ಅರ್ಧ ಉಳಿಯಿತು. ರಾಮನ ದಯೆ.)

ಚೀನಾ ಎಂಬ ಮಾತು ಈಗ ನಮ್ಮ ಹೊಳೆನರಸೀಪುರದಲ್ಲಿ ಯಾರ ಬಾಯಲ್ಲಿ ಬಂದರೂ ಎದೆ ಧಸಕ್ಕೆನ್ನುತ್ತದೆ. ಅದೂ ಕೆಂಪಮ್ಮನ ಬಾಯಲ್ಲಿ? ಅವಳ ಒಬ್ಬನೇ ಮಗ ಸಿಪಾಯಿ. ಹೋದ ಚಳಿಗಾಲದ ಯುದ್ಧದಲ್ಲಿ ಚೀನಾದವರ ಗುಂಡಿಗೇ ಹೋದ.

ನಮ್ಮ ಭಜನೆಮನೆಯಲ್ಲಿ ಶುಕ್ರವಾರ ಮಧ್ಯಾಹ್ನ ಹೆಂಗಸರಿಗೆ ಪುರಾಣ ಓದುವ ರಿಟೈರ್ಡ್ ಮೇಷ್ಟ್ರ ವಿಷಯ ಹಿಂದೊಮ್ಮೆ ಬರೆದಿದ್ದೆ. ಯುದ್ಧಕ್ಕೆ ಮುಂಚೆ ಅವರು ಎರಡು ಪುರಾಣಗಳ ನಡುವೆ ಒಂದು ಪುಟ್ಟ ಪುಸ್ತಕ ಹಿಡಿದಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದ ಒಬ್ಬ ಮುದುಕ ಬರೆದದ್ದಂತೆ. ಅರಮನೆಯ ಓಲೆಗಳನ್ನು ಕಾಯುವ ನೌಕರಿ. ರಾಜ್ಯ ಕೆಟ್ಟಿತೆಂದು ಬೇಜಾರಾಗಿ ಕೋಣ ಹತ್ತಿ ಹೊರಟನಂತೆ. (ಕೋಣ ಅಂದಮೇಲೆ ಯಮನ ಕಡೆಯೋನೇ ಇರಬೇಕು ಅಂದರು ನಮ್ಮ ಎದುರುಮನೆ ಸೀತಕ್ಕ.) ಗಡಿಯ ಕಾವಲುಗಾರ ತಡೆದು, ಹೋಗುವುದಾದರೆ ತಿಳಿದದ್ದನ್ನು ಬರೆದಿಟ್ಟು ಹೋಗು ಎಂದ. ಬರೆದುಕೊಟ್ಟು ಹೋದವನನ್ನು ಮತ್ತೆ ಯಾರೂ ಕಾಣಲಿಲ್ಲ. ಇದೆಲ್ಲ ಕಥೆ, ನಾಲ್ಕಾರು ಜನ ಸೇರಿ ಬರೆದಿರಲೂಬಹುದು ಅಂತ ಮೇಷ್ಟ್ರೇ ಹೇಳಿದರು.

ನೀರಿನ ಹಾಗೆ ತಗ್ಗಿನ ಕಡೆ ಹರಿ. ಸಾಕು ಅಂದವನೇ ಸಾಹುಕಾರ. ಇಂಥವೇ ಬುದ್ಧಿಮಾತು. ನಮ್ಮ ಅಜ್ಜಿಯರು ಹೇಳಿದ್ದೂ ಇದನ್ನೇ ಅಲ್ಲವೇ?

ಯುದ್ಧ ಬಂತು, ಓದು ನಿಂತಿತು. ಸಂಕ್ರಾಂತಿ ಕಳೆದು ಮತ್ತೆ ಕೂತಾಗ, ಉಳಿದದ್ದನ್ನು ಮುಗಿಸಿ ಮಂಗಳ ಹಾಡೋಣ ಎಂದು ಮೇಷ್ಟ್ರು ಅದೇ ಪುಸ್ತಕ ತೆರೆದರು. ಆಯುಧ ಅಮಂಗಳದ ವಸ್ತು, ಯುದ್ಧ ಗೆದ್ದವನೂ ಸಾವಿನ ಮನೆಯಲ್ಲಿ ನಿಂತ ಹಾಗೆ ನಿಂತು ಅಳಬೇಕು ಅಂತ ಬಂತು. ಕಂಬಕ್ಕೊರಗಿ ಕೂತಿದ್ದ ಕೆಂಪಮ್ಮನ ಸೆರಗು ಬಾಯಿಗೆ ಹೋಯಿತು.

ಅಷ್ಟೇ ಸಾಕಾಯಿತು.

"ಮಗನ್ನ ಕೊಂದೋರ ಪುಸ್ತಕಾನ ತಾಯಿ ಮುಂದೆ ಓದ್ತೀರಲ್ಲ ಮೇಷ್ಟ್ರೇ, ಹೊಟ್ಟೆಗೆ ಏನು ತಿಂತೀರಿ?" ಅಂದರು ಸೀತಕ್ಕ. ಹೌದು ಹೌದು ಅಂದರು ಉಳಿದವರು. ಮೇಷ್ಟ್ರು ಕನ್ನಡಕ ತೆಗೆದರು, ಕೈ ಮುಗಿದರು, ಎದ್ದು ಹೋದರು. ಮಂಗಳವಿಲ್ಲದೆ ಓದು ಮುಗಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಕೆಂಪಮ್ಮನೇ ಆ ಪುಸ್ತಕ ಕೇಳುತ್ತಿದ್ದಾಳೆ. ಯಾಕೆ ಅಂತ ಕೇಳಿದೆ. ಸುದ್ದಿ ಬಂದ ದಿನದಿಂದ ಮನೆಗೆ ಬಂದವರೆಲ್ಲ ಹಾರ ಹಾಕಿ, ನೀನು ವೀರಮಾತೆ, ಕಣ್ಣೀರು ಹಾಕಬಾರದು ಅಂದರಂತೆ.

"ಅಳಬೌದು ಅಂದಿದ್ದು ಅದೊಂದೇ ಕಣ್ರವ್ವ. ಇನ್ನೊಂದ್ ಕಿತ ಕೇಳ್ಬೇಕು."

ಮಾರನೆಯ ದಿನ ಇಬ್ಬರೂ ಹಳೇಕೋಟೆ ಬಸ್ ಹತ್ತಿದೆವು. ಮೇಷ್ಟ್ರು ಈಗ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. (ಕೂರಲು ಸೀಟು ಸಿಕ್ಕಿತು. ಅದೂ ಒಂದು ಪುಣ್ಯ.)

ಕೆಂಪಮ್ಮನನ್ನು ಕಂಡದ್ದೇ ಮೇಷ್ಟ್ರ ಮುಖ ಬಾಡಿತು. ಬಂದ ಕೆಲಸ ಹೇಳಿದೆ. ಪುಸ್ತಕ ಈಗ ಇಲ್ಲ ಎಂದರು. ಓದಿದ ಗ್ರಂಥ ಬೇಡವಾದರೆ ನಾವು ಸುಡುವುದಿಲ್ಲ, ಹೊಳೆಗೆ ಬಿಡುತ್ತೇವೆ ತಾನೆ? ಓದು ನಿಂತ ಆ ಶುಕ್ರವಾರ ಸಂಜೆಯೇ ಅದನ್ನು ಹೇಮಾವತಿಗೆ ಬಿಟ್ಟಿದ್ದರು. ನೆನಪಿದ್ದಷ್ಟಾದರೂ ಹೇಳಿ ಎಂದೆ. ಇನ್ನು ನಾಲಿಗೆ ಏಳುವುದಿಲ್ಲ ಎಂದು ತಲೆಯಾಡಿಸಿದರು.

"ನಿನ್ನ ಹೊಟ್ಟೆ ಉರಿಸಿದ ಪುಸ್ತಕ ಮನೇಲಿರಬಾರ್ದು ಅನ್ನಿಸ್ತು ತಾಯಿ" ಅಂದರು.

ಕೆಂಪಮ್ಮ ಅವರನ್ನೇ ನೋಡಿದಳು.

"ನನ್ ಒಟ್ಟೆ ಉರೀತು ಅಂತ ನಿಮ್ಗೆ ಯಾರ್ ಸಾ ಏಳಿದ್ದು?"