ಬಾಣಂತಿಗೆ ತಂದ ಮಲ್ಲಿಗೆ

ನನಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮಾತ್ರೆ ನುಂಗುತ್ತಿದ್ದರೆ ತೆಪ್ಪಗಿರುತ್ತದೆ, ಬಿಟ್ಟರೆ ನನ್ನನ್ನು ಬಿಡುವುದಿಲ್ಲ. ಮಗು ಬೇಕೆನಿಸಿದಾಗ, ಬಸಿರಾಗುವ ಮೊದಲೇ ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೊಂಡು ಬಂದೆ. ಬಸಿರಿನಲ್ಲೂ ತಪ್ಪಿಸಲಿಲ್ಲ. ಹೆಣ್ಣುಮಗು ಗುಂಡುಕಲ್ಲಿನ ಹಾಗೆ ಹುಟ್ಟಿತು.

"ಮಾತ್ರೆ ಬಿಡಬೇಡಿ, ಹಾಲನ್ನೂ ಬಿಡಿಸಬೇಡಿ" ಎಂದಿದ್ದರು ಡಾಕ್ಟರಮ್ಮ. "ನೀವು ತಗೊಳ್ಳೋ ಮಾತ್ರೆ ಹಾಲಿಗೆ ಇಳಿಯೋದು ಸ್ವಲ್ಪವೇ. ಮಗು ತೀರಾ ಮಂಕಾಗಿ, ಸರಿಯಾಗಿ ಹಾಲು ಕುಡಿಯದಿದ್ದರೆ ಕರಕೊಂಡು ಬನ್ನಿ."

ಮಗು ಚೆನ್ನಾಗಿ ಕುಡಿದು ನಿದ್ದೆ ಹೋಗುತ್ತಿತ್ತು. ಎಳೆಗೂಸು ಇನ್ನೇನು ಮಾಡುತ್ತದೆ, ರಾಗಿ ಕುಯ್ಯಲು ಹೋಗುತ್ತದೆಯೇ? ಆದರೆ ಅತ್ತೆ ಬಾಗಿಲಲ್ಲಿ ನಿಂತು ನೋಡಿ ಮಗನನ್ನು ಕರೆದರು.

"ನೋಡ್ಲಾ, ಕೂಸು ಎಂಗೆ ಮಂಪ್ರಾಗಿ ಬಿದ್ದದೆ. ಗುಳ್ಗೆ ಇಸ ಆಲ್ಗೆ ಇಳಿದದೆ ಕಣ್ಲಾ. ಒಂದು ಗುಳ್ಗೆ ಬುಡ್ಲಿ, ಇಲ್ಲಾ ಆಲು ಕೊಡದ ಬುಡ್ಲಿ."

"ಡಾಕ್ಟ್ರು ಎರಡೂ ಬುಡಬ್ಯಾಡ ಅಂದವ್ರೆ ಅತ್ತೆ" ಎಂದೆ.

"ಡಾಕ್ಟ್ರು ಬಂದು ಸಾಕಾರಾ ಕೂಸ? ನಾನು ಸಾಕ್ಬೇಕು ಕಣಮ್ಮಿ."

ಅತ್ತೆ ಕೆಟ್ಟವರಲ್ಲ. ಬಾಣಂತಿ ಖಾರ ಅರೆದು ನನ್ನ ಬಾಯಿಗಿಟ್ಟ ಕೈ ಅದು. ಅದಕ್ಕೇ ಜಗಳವಾಡಲೂ ಆಗಲಿಲ್ಲ. ಮಾತ್ರೆ ಬಿಟ್ಟರೆ ಕೂಸನ್ನು ಎತ್ತಿಕೊಂಡೇ ಒಲೆಯ ಮೇಲೆ ಬಿದ್ದೇನೆಂದು ನನಗೆ ಹೆದರಿಕೆ. "ಗುಳ್ಗೆ ಬುಡಾಕಿಲ್ಲ" ಎಂದೆ.

ಮರುದಿನ ಗಂಡ ಬಸ್ಸು ಹತ್ತಿ ದಿಂಬಂ ಘಾಟಿ ಇಳಿದು ಸತ್ಯಮಂಗಲದ ಪೇಟೆಗೆ ಹೋದರು. ಸಂಜೆ ಬಂದಾಗ ಅವರಿಗಿಂತ ಮೊದಲೇ ಮಲ್ಲಿಗೆಯ ವಾಸನೆ ಮನೆಯೊಳಗೆ ಬಂತು. ಮದುವೆಯಾದ ಮೇಲೆ ನನಗೆಂದು ಒಂದು ಮೊಳ ಹೂವು ತಂದವರಲ್ಲ. ಸಮಾಧಾನ ಮಾಡಲು ತಂದಿದ್ದಾರೆಂದು ಸಂತೋಷವಾಯಿತು. ಬಾಚಣಿಗೆ ಹುಡುಕಿದೆ.

ಅತ್ತೆ ಪೊಟ್ಟಣ ಬಿಚ್ಚಿ, ಹಳೆಯ ಸೀರೆಯ ತುಂಡು ಹರಿದು, "ರವಿಕೆ ಬಿಚ್ಚವ್ವ" ಎಂದರು.

ನಮ್ಮಲ್ಲಿ ಮಗು ಸತ್ತ ಬಾಣಂತಿಯ ಎದೆಗೆ ಮಲ್ಲಿಗೆ ಕಟ್ಟುತ್ತಾರೆ, ಹಾಲು ಬತ್ತಲೆಂದು. ನನ್ನ ಮಗು ಪಕ್ಕದ ಕೋಣೆಯಲ್ಲಿ ಹಸಿದು ಅಳುತ್ತಿತ್ತು. ಕಟ್ಟಿಸಿಕೊಂಡೆ. ಎದೆ ಕಲ್ಲಾಯಿತು, ಜ್ವರ ಬಂತು, ಆಮೇಲೆ ಎಲ್ಲ ಇಂಗಿಹೋಯಿತು. ಮಗಳು ಹಸುವಿನ ಹಾಲು ಕುಡಿದು ಅಜ್ಜಿಯ ಮಗ್ಗುಲಲ್ಲೇ ಬೆಳೆದಳು. ಬಿದ್ದು ಮಂಡಿ ತರಚಿದರೆ ಇವತ್ತಿಗೂ ನನ್ನನ್ನು ದಾಟಿಕೊಂಡು ಅಜ್ಜಿಯ ಹತ್ತಿರ ಓಡುತ್ತಾಳೆ. ಹೊಟ್ಟೆ ಉರಿಯುತ್ತದೆ.

ಈಗ ಮತ್ತೆ ಬಸಿರು. ಈ ಸಲ ಗಂಡನನ್ನೂ ಡಾಕ್ಟರಮ್ಮನ ಎದುರು ಕೂರಿಸಿದೆ. ಡಾಕ್ಟರಮ್ಮ ಹಿಂದೆ ನನಗೆ ಹೇಳಿದ್ದನ್ನೇ ಅವರಿಗೂ ವಿವರವಾಗಿ ಹೇಳಿದರು. ಗಂಡ ಎಲ್ಲಕ್ಕೂ ತಲೆಯಾಡಿಸಿದರು. ಊರಿಗೆ ಮರಳುವ ತಾಳವಾಡಿಯ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಜಾಗ ಬಿಟ್ಟು, ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ಈ ಸಲ ಸತ್ಯಮಂಗಲಕ್ಕೆ ಓಗಂಗಿಲ್ಲ ಬುಡು. ಮಲ್ಗೆ ಉವ್ವ ಈಗ ತಾಳವಾಡೀಲೇ ಸಿಕ್ತದೆ."